ಲಾಕ್‌ಡೌನ್ ಬಿದ್ದಾಗ ಅಂಗಡಿ ಬಾಡಿಗೆ: ಮಾಲೀಕರೂ ಬಾಡಿಗೆದಾರರೂ ಮಾಡಬೇಕಾದ ಕಾಗದಪತ್ರ

ಸರ್ಕಾರ ಷಟರ್ ಇಳಿಸಲು ಹೇಳಿದ ಮಾತ್ರಕ್ಕೆ ಬಾಡಿಗೆ ಮಾಫಿ ಆಗುವುದಿಲ್ಲ. ಬಾಡಿಗೆ ಕೇಳಕೂಡದೆಂದು ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಹೊರಡಿಸಿದ್ದ ಆದೇಶ ಬಾಡಿಗೆ ಮನೆಗಳಲ್ಲಿದ್ದ ಕಾರ್ಮಿಕರಿಗೆ, ಅದೂ ಒಂದು ತಿಂಗಳ ಮಟ್ಟಿಗೆ. ಬಳ್ಳಾರಿಯ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗಾಗಲಿ, ಗಂಗಾವತಿಯ ಅಕ್ಕಿ ಗೋದಾಮಿಗಾಗಲಿ ಅದು ಅನ್ವಯಿಸುತ್ತಿರಲಿಲ್ಲ.

ಮೊದಲು ಕರಾರುಪತ್ರ ತೆಗೆದು ಓದಿ. ಸಾಂಕ್ರಾಮಿಕ, ಸರ್ಕಾರಿ ಆದೇಶ, ದೈವಾಧೀನ ಘಟನೆ ಎಂಬ ಷರತ್ತು ಇದ್ದರೆ, ಆಗ ಬಾಡಿಗೆ ನಿಲ್ಲುತ್ತದೋ, ಮುಂದಕ್ಕೆ ಹೋಗುತ್ತದೋ, ಎಷ್ಟು ದಿನದೊಳಗೆ ತಿಳಿಸಬೇಕೋ ನೋಡಿಕೊಳ್ಳಿ. ಷರತ್ತು ಇಲ್ಲವೆಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಬೆಂಕಿ, ಪ್ರವಾಹದಂಥದ್ದರಿಂದ ಜಾಗ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾತ್ರ ಬಾಡಿಗೆದಾರ ಕರಾರು ಮುಗಿಸಬಹುದು ಎನ್ನುತ್ತದೆ ಅದರ 108ನೇ ಕಲಂ. ಲಾಕ್‌ಡೌನ್ ತಾತ್ಕಾಲಿಕ. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಕೂಡ ಅಂಗಡಿಯೊಂದರ ಬಾಡಿಗೆ ತಡೆಯಲು ಒಪ್ಪದೆ, ಕಟ್ಟಲು ಸ್ವಲ್ಪ ಸಮಯ ಮಾತ್ರ ಕೊಟ್ಟಿತು.

ಹಾಗಾಗಿ ಬಾಡಿಗೆದಾರರು ಸುಮ್ಮನೆ ಕೂರಬಾರದು. ಅಂಗಡಿ ಮುಚ್ಚಿದ ವಾರದೊಳಗೇ ಮಾಲೀಕರಿಗೆ ಪತ್ರ ಬರೆಯಿರಿ: ಯಾವ ಆದೇಶದಿಂದ, ಯಾವ ತಾರೀಖಿನಿಂದ ಮುಚ್ಚಿದೆ, ಈಗ ಎಷ್ಟು ಕೊಡಬಲ್ಲಿರಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಕೊಡುವ ಹಣ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಹೋಗಲಿ, ಷರಾದಲ್ಲಿ ತಿಂಗಳ ಹೆಸರಿರಲಿ. ನಗದು ಕೊಟ್ಟು ರಶೀದಿ ಕೇಳದವರೇ ಕೊನೆಗೆ ಸಿಕ್ಕಿಬೀಳುವುದು.

ರಾಜಿಯಾದರೆ ಸ್ಟಾಂಪ್ ಪೇಪರ್ ಮೇಲೆ ಪೂರಕ ಕರಾರು ಮಾಡಿಕೊಳ್ಳಿ. ತಿಂಗಳ ಬಾಡಿಗೆ 12,000 ರೂಪಾಯಿ, ಮೂರು ತಿಂಗಳು ಅರ್ಧ ಅನ್ನಿ: ಉಳಿಯುವ 18,000 ಮಾಫಿಯೋ, ಮುಂದೂಡಿದ್ದೋ ಎಂದು ಸ್ಪಷ್ಟವಾಗಿ ಬರೆಯಿರಿ. ಜಗಳ ಹುಟ್ಟುವುದು ಇಲ್ಲೇ. ‘ಸದ್ಯ ಅರ್ಧ ಕೊಡ್ರಿ’ ಎಂಬ ಮಾತನ್ನು ಒಬ್ಬರು ಮಾಫಿ ಎಂದು ತಿಳಿದಿರುತ್ತಾರೆ, ಇನ್ನೊಬ್ಬರು ಸಾಲ ಎಂದು. ಮುಂದೂಡಿದ್ದಾದರೆ ಮೂರು ಸಾವಿರದಂತೆ ಆರು ಕಂತು, ಪ್ರತಿ ಕಂತಿನ ತಾರೀಖು, ಬಡ್ಡಿ ಇದೆಯೋ ಇಲ್ಲವೋ, ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ಮತ್ತೆ ತುಂಬುವುದು ಯಾವಾಗ, ಎಲ್ಲವೂ ಕಾಗದದಲ್ಲಿರಲಿ. ಇಬ್ಬರ ಸಹಿ, ಇಬ್ಬರು ಸಾಕ್ಷಿ ಸಾಕು. ಆದರೆ ಇದೇ ಕಾಗದದಲ್ಲಿ ಒಂದು ವರ್ಷ ಮೀರಿದ ಹೊಸ ಅವಧಿ ಬರೆದುಕೊಂಡರೆ ನೋಂದಣಿ ಮಾಡಿಸಲೇಬೇಕು. ಕಂತುಗಳಿಗೆ ಮುಂದಿನ ತಾರೀಖಿನ ಚೆಕ್ ಕೊಡುವಾಗ ಎರಡು ಸಲ ಯೋಚಿಸಿ: ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಮಾಲೀಕರು ನೋಟಿಸ್ ಕೊಡಬಹುದು, ಆಮೇಲೆ 15 ದಿನದಲ್ಲಿ ನೀವು ಹಣ ಕಟ್ಟದಿದ್ದರೆ ಅದು ಕ್ರಿಮಿನಲ್ ಕೇಸು.

ಮಾಲೀಕರೇ, ಸಿಟ್ಟಿಗೆ ಸ್ವಂತ ಬೀಗ ಜಡಿಯಬೇಡಿ, ಕರೆಂಟ್ ತೆಗೆಸಬೇಡಿ. ಕೋರ್ಟಿನ ದಾರಿ ಬಿಟ್ಟು ಹೊರಹಾಕಿದರೆ, ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹೂಡಿ ಜಾಗ ವಾಪಸ್ ಪಡೆಯಬಹುದು. ಅಲ್ಲಿ ಆಸ್ತಿ ಯಾರದೆಂಬ ಪ್ರಶ್ನೆಯನ್ನೇ ಕೇಳುವುದಿಲ್ಲ. ತಿಂಗಳ ಬಾಡಿಗೆಯ ಅಂಗಡಿ ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ಲಿಖಿತ ನೋಟಿಸ್ ಕೊಟ್ಟು, ಆಮೇಲೆ ದಾವೆ ಹಾಕಬೇಕು. ಕರಾರಿನಲ್ಲಿ ಬೇರೆ ಅವಧಿ ಇದ್ದರೆ ಅದೇ ನಡೆಯುತ್ತದೆ. ಬಾಕಿ ಬಾಡಿಗೆಯ ದಾವೆಗೆ ಮೂರು ವರ್ಷದ ಗಡುವು.

ಬಳ್ಳಾರಿಯ ಜೀನ್ಸ್ ಹೊಲಿಗೆ ಶೆಡ್‌ನವರಿಗೆ ಒಂದು ಮಾತು. ತಯಾರಿಕಾ ಘಟಕ ಬಿಡಿಸಲು ಆರು ತಿಂಗಳ ನೋಟಿಸ್ ಬೇಕು ಎಂಬ ಅದೇ 106ನೇ ಕಲಮಿನ ಮಾತನ್ನು ನಂಬಿ ಕೂರಬೇಡಿ. ನೋಂದಣಿಯಾದ ಕರಾರು ಇಲ್ಲದಿದ್ದರೆ ಅದನ್ನು ತಿಂಗಳ ಬಾಡಿಗೆಯೆಂದೇ ಕೋರ್ಟು ಎಣಿಸುತ್ತದೆ. ಹೊಲಿದು ಕೊಟ್ಟ ಮಾಲಿನ ಹಣ ಬಾರದಿದ್ದರೆ ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಕೈಹಿಡಿಯುತ್ತದೆ: ಲಿಖಿತ ಒಪ್ಪಂದವಿದ್ದರೂ ಗಡುವು 45 ದಿನ ಮೀರುವಂತಿಲ್ಲ, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ದಾಖಲಿಸಿಕೊಳ್ಳುವ ಉದ್ಯಮ್ ನೋಂದಣಿ ಉಚಿತ. ಮಾಲು ಕಳಿಸುವ ಮೊದಲೇ ಮಾಡಿಸಿಡಿ, ಆಮೇಲೆ ಮಾಡಿಸಿದರೆ ಎದುರಿನವರು ತಕರಾರು ತೆಗೆಯುತ್ತಾರೆ.

ಮಾತು ಮುರಿದರೆ ಕೋರ್ಟಿಗೆ ಹೋಗುವ ಮುನ್ನ ಬಳ್ಳಾರಿ, ರಾಯಚೂರು, ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಆದ್ದರಿಂದ ಕಂತಿನ ಲೆಕ್ಕ ಸರಿಯಿದೆಯೇ ನೋಡಿಕೊಂಡೇ ಸಹಿ ಹಾಕಿ.