ಪಟ್ಟಿಯಿಂದ ಹೆಸರು ತೆಗೆಸದೆಯೇ ಮಾತುಕತೆಗೆ ಕೂರಿಸಿದ್ದು: ನನ್ನ ಅನುಭವ

"ಮೊದಲು ಭಯೋತ್ಪಾದಕರ ಪಟ್ಟಿಯಿಂದ ಹೆಸರು ತೆಗೆಸಿ, ಆಮೇಲೆ ಮಾತುಕತೆ" ಎಂದೇ ಸಶಸ್ತ್ರ ಗುಂಪುಗಳು ಮತ್ತು ಸರ್ಕಾರಗಳ ನಡುವೆ ಮಧ್ಯಸ್ಥಿಕೆ ಮಾಡುವ ಹೆಚ್ಚಿನವರ ವಾದ. ನಾನು ಒಪ್ಪಲಿಲ್ಲ. ಹೆಸರು ತೆಗೆಯುವ ಧೈರ್ಯ ಸರ್ಕಾರಗಳಿಗೆ ಬರುವುದು ಕಟ್ಟಕಡೆಗೆ. ಹೆಸರು ಅಲ್ಲೇ ಇರಲಿ. ಅದರಿಂದ ತಡೆಯಾಗುವ ಪ್ರಯಾಣ, ಹಣ, ಸಲಹೆ ಈ ಮೂರಕ್ಕೂ ಬೇರೆಬೇರೆ ದಾರಿ ಮಾಡಿಕೊಳ್ಳುವುದು ನನ್ನ ವಿಧಾನ. ಆಗದು ಎಂದವರ ಎದುರೇ ಅದು ಫಲ ಕೊಟ್ಟಿದೆ. ಯಾವ ಗುಂಪು, ಯಾವ ಊರು ಎಂಬುದನ್ನು ಹೇಳುವಂತಿಲ್ಲ.

ಇದನ್ನು ಕಲಿಸಿದ್ದು ಶ್ರೀಲಂಕಾದ ಸೋಲು. 2002ರ ಸೆಪ್ಟೆಂಬರ್ ಮೊದಲ ವಾರ ಕೊಲಂಬೊ ತಮಿಳು ಹುಲಿಗಳ ಸಂಘಟನೆ ಎಲ್‌ಟಿಟಿಇ ಮೇಲಿನ ನಿಷೇಧ ತೆಗೆಯಿತು, 16ಕ್ಕೆ ಥಾಯ್ಲೆಂಡಿನಲ್ಲಿ ಮಾತುಕತೆ ಶುರುವಾಯಿತು. ಆದರೆ ಅವರ ಹೆಸರಿದ್ದ ಅಮೆರಿಕದ 1997ರ ಭಯೋತ್ಪಾದಕರ ಪಟ್ಟಿ ಹಾಗೇ ಇತ್ತು. 2003ರ ಏಪ್ರಿಲ್‌ನಲ್ಲಿ ನೆರವು ಕೊಡುವ ದೇಶಗಳ ಸಭೆಯನ್ನು ವಾಷಿಂಗ್ಟನ್‌ನಲ್ಲಿ ಇಟ್ಟರು, ಹುಲಿಗಳಿಗೆ ಪ್ರವೇಶವಿಲ್ಲ. ಅದೇ ತಿಂಗಳು ಅವರು ಮಾತುಕತೆಯಿಂದ ಹಿಂದೆ ಸರಿದರು. ಬೇರೆ ಕಾರಣಗಳೂ ಇದ್ದವು, ಆದರೆ ಸಭೆಯ ಜಾಗ ಗೊತ್ತುಮಾಡಿದವರು ಈ ಕಾರಣವನ್ನು ಕೈಯಾರೆ ಒದಗಿಸಿದರು. 2006ರ ಮೇ ಕೊನೆಗೆ ಐರೋಪ್ಯ ಒಕ್ಕೂಟವೂ ಪಟ್ಟಿಗೆ ಸೇರಿಸಿತು. ಕದನ ವಿರಾಮದ ವೀಕ್ಷಕರಲ್ಲಿ ಆ ಒಕ್ಕೂಟಕ್ಕೆ ಸೇರಿದ ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್‌ನವರೇ ಹೆಚ್ಚು. ಅವರು ಹೊರಡಲೇಬೇಕೆಂದು ಹುಲಿಗಳು ಪಟ್ಟುಹಿಡಿದರು. 60ರ ಹತ್ತಿರವಿದ್ದ ತಂಡ 20ರ ಆಸುಪಾಸಿಗೆ ಇಳಿಯಿತು. ಮಧ್ಯಸ್ಥನಾಗಿದ್ದ ನಾರ್ವೆ ಮಾತ್ರ ಆ ವರ್ಷದ ಜನವರಿಯಲ್ಲೇ ಐರೋಪ್ಯ ಪಟ್ಟಿಯನ್ನು ಅನುಸರಿಸುವುದು ಬಿಟ್ಟಿತ್ತು, ಮಧ್ಯಸ್ಥಿಕೆ ಉಳಿಸಿಕೊಳ್ಳಲೆಂದೇ.

ಹಾಗಾಗಿ ನನ್ನ ಮೊದಲ ಕೆಲಸ ಒಂದು ಕೋಷ್ಟಕ: ಯಾವ ದೇಶ, ಯಾವ ಕಾನೂನು, ಏನಕ್ಕೆ ತಡೆ, ವಿನಾಯಿತಿ ಯಾರ ಕೈಲಿದೆ, ಅವಧಿ ಎಂದು ಮುಗಿಯುತ್ತದೆ. ಕೊನೆಯ ಕಾಲಂ ಚಿನ್ನ. ನಮ್ಮ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಯುಎಪಿಎಯಲ್ಲೇ ನೋಡಿ. ಕಾನೂನುಬಾಹಿರ ಸಂಘಟನೆ ಎಂಬ ನಿಷೇಧಕ್ಕೆ ಅವಧಿಯಿದೆ, ಮೊದಲು ಎರಡು ವರ್ಷ, ಈಗ ಐದು. ಮೊದಲ ಅನುಸೂಚಿಯ ಭಯೋತ್ಪಾದಕ ಸಂಘಟನೆಗೆ ಅವಧಿಯೇ ಇಲ್ಲ, ತೆಗೆಯಲು ಆದೇಶ ಹೊರಡಿಸಬೇಕು. ನಾಗಾ ಸಶಸ್ತ್ರ ಗುಂಪಾದ ಎನ್‌ಎಸ್‌ಸಿಎನ್ ಐಎಂ ಬಣದ ಮೇಲಿದ್ದದ್ದು ಅವಧಿಯ ನಿಷೇಧ. 1997ರಿಂದ ಕದನ ವಿರಾಮವಿದ್ದರೂ ಮಾತುಕತೆ ವಿದೇಶಗಳಲ್ಲೇ ನಡೆಯುತ್ತಿತ್ತು. 2002ರ ನವೆಂಬರ್‌ನಲ್ಲಿ ಸರ್ಕಾರ ನಿಷೇಧವನ್ನು ನವೀಕರಿಸಲಿಲ್ಲ, ಅಷ್ಟೇ. ಜನವರಿಯಲ್ಲಿ ಅದರ ನಾಯಕರಾದ ಮುಯಿವಾ, ಇಸಾಕ್ ಸ್ವು ದೆಹಲಿಗೆ ಬಂದರು.

ಪ್ರಯಾಣಕ್ಕೆ ವಿಶ್ವಸಂಸ್ಥೆಯ ನಿರ್ಬಂಧ ಸಮಿತಿಯಿಂದ ವಿನಾಯಿತಿ ಸಿಗುತ್ತದೆ. 2019ರಲ್ಲಿ ತಾಲಿಬಾನ್ ಪ್ರತಿನಿಧಿಗಳಿಗೆ ಸಿಕ್ಕಿತ್ತು. ಹೆಸರು, ಪಾಸ್‌ಪೋರ್ಟ್, ದಿನಾಂಕದ ಜೊತೆ ವಿಮಾನ ಬದಲಿಸುವ ಊರನ್ನೂ ಬರೆಯಿರಿ. ಆ ದೇಶದ ಸ್ವಂತ ಪಟ್ಟಿಯಲ್ಲಿ ಹೆಸರಿದ್ದರೆ ಬಂಧನ ಅಲ್ಲೇ ಆಗುತ್ತದೆ. ನಾನು ನೇರ ವಿಮಾನವನ್ನೇ ಹಿಡಿಸುತ್ತೇನೆ, ದುಬಾರಿಯಾದರೂ.

ನಿಜವಾದ ತಲೆನೋವು ಹಣ. ಗುಂಪಿನ ಕೈಗೆ ಒಂದು ರೂಪಾಯಿಯೂ ಹೋಗಬಾರದು, ದಿನಭತ್ಯೆ ಕೂಡ. ಟಿಕೆಟ್, ಹೋಟೆಲ್, ಊಟ ಎಲ್ಲವನ್ನೂ ಆತಿಥೇಯ ಸರ್ಕಾರವೇ ಕಟ್ಟಬೇಕು. ಅನುವಾದಕರ ಸಂಭಾವನೆಯನ್ನು ಬ್ಯಾಂಕೊಂದು ತಿಂಗಳುಗಟ್ಟಲೆ ತಡೆಹಿಡಿದಿತ್ತು, ವರ್ಗಾವಣೆಯ ವಿವರದಲ್ಲಿ ಗುಂಪಿನ ಹೆಸರಿತ್ತು ಎಂಬ ಒಂದೇ ಕಾರಣಕ್ಕೆ. ವಕೀಲರ ಶುಲ್ಕ ಸಭಾಂಗಣದ ಬಾಡಿಗೆಯನ್ನು ಎಷ್ಟೋ ಪಟ್ಟು ಮೀರಿತು. ಭದ್ರತಾ ಮಂಡಳಿಯ 2664ನೇ ನಿರ್ಣಯವನ್ನು ನೆಚ್ಚಿಕೊಳ್ಳಬೇಡಿ. ಅದು ಮಾನವೀಯ ನೆರವಿಗೆ, ಮಧ್ಯಸ್ಥಿಕೆಗಲ್ಲ. ಬ್ಯಾಂಕಿಗೆ ಕೊಡುವ ಪತ್ರದ ಒಕ್ಕಣೆ ಮಾತ್ರ ನನ್ನಲ್ಲೇ ಇರಲಿ.

ಸಲಹೆಯ ವಿಷಯಕ್ಕೆ ಬಂದರೆ, ತರಬೇತಿ ತಂಡದಲ್ಲಿ ಅಮೆರಿಕದ ಪ್ರಜೆಗಳು ಬೇಡ. ಶಾಂತಿಯುತವಾಗಿ ವ್ಯಾಜ್ಯ ಬಗೆಹರಿಸುವುದನ್ನು ಕಲಿಸಿದರೂ ಅಪರಾಧವಾಗಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿದ್ದ ಗುಂಪುಗಳು ಟರ್ಕಿಯ ವಿರುದ್ಧ ಹೋರಾಡುತ್ತಿದ್ದ ಕುರ್ದ್ ಸಂಘಟನೆ ಪಿಕೆಕೆ ಮತ್ತು ಎಲ್‌ಟಿಟಿಇ. ಹಾಗಾಗಿ ನನ್ನ ಮಾತುಕತೆಯಲ್ಲಿ ಸರ್ಕಾರದವರಿಗೂ ಗುಂಪಿನವರಿಗೂ ಒಂದೇ ಕೋಣೆಯಲ್ಲಿ, ಸರ್ಕಾರದ ಹೆಸರಲ್ಲೇ ತರಬೇತಿ ಇಟ್ಟು ನೋಡಿದೆ. ಕಾನೂನಿನ ತೊಡಕು ಸಡಿಲವಾಗಲಿಲ್ಲ, ಆದರೆ ಎರಡೂ ಕಡೆಯವರು ಊಟಕ್ಕೆ ಒಟ್ಟಿಗೆ ಕೂತರು. ಈಗಲೂ ಹಾಗೇ ಮಾಡುತ್ತೇನೆ.

ಕೋಷ್ಟಕಕ್ಕೆ ಆಮೇಲೆ ಇನ್ನೊಂದು ಕಾಲಂ ಸೇರಿಸಿದೆ: ಸಹಿಯಾದ ಮೇಲೆ. ಕೊಲಂಬಿಯಾದ ಫಾರ್ಕ್ ಬಂಡುಕೋರ ಗುಂಪಿನ ಹೆಸರನ್ನು ಐರೋಪ್ಯ ಒಕ್ಕೂಟ 2016ರ ಶಾಂತಿ ಒಪ್ಪಂದದ ಹೊತ್ತಿಗೇ ಅಮಾನತಿನಲ್ಲಿಟ್ಟು ಮರುವರ್ಷ ತೆಗೆಯಿತು. ಅಮೆರಿಕ ತೆಗೆದದ್ದು 2021ರ ನವೆಂಬರ್‌ನಲ್ಲಿ. ಅಲ್ಲಿಯತನಕ ಬಂದೂಕು ಕೆಳಗಿಟ್ಟವರ ಪುನರ್ವಸತಿಯಲ್ಲಿ ಅಮೆರಿಕದ ನೆರವು ಸಂಸ್ಥೆ ಅವರೊಂದಿಗೆ ನೇರವಾಗಿ ಕೆಲಸ ಮಾಡುವುದೇ ಕಷ್ಟವಾಗಿತ್ತು. ಆ ಅವಧಿಯ ಖರ್ಚು ಯಾವ ದೇಶದ್ದು ಎಂಬುದನ್ನು ಸಹಿಗೆ ಮುಂಚೆಯೇ ಬರೆಸಿಕೊಳ್ಳುತ್ತೇನೆ.