ಮೊದಲ ಕಾರಿನ ಇನ್ಶೂರೆನ್ಸ್: ಕೊಟೇಶನ್ ಹಾಳೆಯನ್ನು ಸಾಲು ಸಾಲಾಗಿ ಓದಿ

ಹೋದ ವರ್ಷ ದಸರಾಕ್ಕೆ ಮುಂಚೆ ನನ್ನ ಚಿಕ್ಕಮ್ಮನ ಮಗ ಶೋರೂಮ್‌ನಿಂದಲೇ ಫೋನ್ ಮಾಡಿದ. 23 ವರ್ಷದ ಹುಡುಗ. ಮೊದಲ ಕೆಲಸ, ಮೊದಲ ಕಾರು. "ಅಣ್ಣಾ, ಬರೀ ಇನ್ಶೂರೆನ್ಸೇ 46,303 ರೂಪಾಯಿ ಹಾಕಿದಾರೆ. ನಂಗೆ ವಯಸ್ಸು ಕಮ್ಮಿ ಅಂತ ಜಾಸ್ತಿ ಹಾಕ್ತಾರಾ?" ಅಂತ ಕೇಳಿದ. ಆ ಹಾಳೆಯ ಫೋಟೊ ಕಳಿಸು, ಅಲ್ಲಿವರೆಗೂ ಎಲ್ಲೂ ಸಹಿ ಹಾಕಬೇಡ ಅಂದೆ.

ಮೊದಲು ಅವನ ಪ್ರಶ್ನೆಗೆ ಉತ್ತರ. ಇಂಗ್ಲೆಂಡಿನಂಥ ಕಡೆ ವಯಸ್ಸೇ ದೊಡ್ಡ ಹೊರೆ. ಅಲ್ಲಿ 18ರ ಹುಡುಗರು ಕಾರಿನಲ್ಲಿ ಬ್ಲ್ಯಾಕ್ ಬಾಕ್ಸ್ (ಹೇಗೆ ಓಡಿಸುತ್ತಾರೆ ಅಂತ ದಾಖಲಿಸುವ ಪೆಟ್ಟಿಗೆ) ಹಾಕಿಸಿಕೊಂಡು ಪ್ರೀಮಿಯಂ ಇಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಲ್ಲ. ಕೆಲವು ಕಂಪನಿಗಳು ವಯಸ್ಸು ಕೇಳುತ್ತವೆ, ನಿಜ. ಆದರೆ ನಿಮ್ಮ ಜೇಬು ಸುಡುವುದು ಅದರಿಂದಲ್ಲ. ಹೊಸ ಕಾರು ಅಂದ ಮೇಲೆ ಅದರ ಬೆಲೆ ಜಾಸ್ತಿ, ಮೊದಲ ಕಾರು ಅಂದ ಮೇಲೆ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸೊನ್ನೆ, ಮತ್ತೆ ಏನು ಕೇಳಬೇಕು ಅಂತ ಗೊತ್ತಿಲ್ಲದ್ದಕ್ಕೆ ಶೋರೂಮ್‌ನವರು ಕೊಟ್ಟ ಪ್ಯಾಕೇಜನ್ನೇ ಒಪ್ಪಿಕೊಂಡುಬಿಡುತ್ತೀರಿ. ಈ ಮೂರೂ ಸೇರಿ ಬಿಲ್ ಏರುತ್ತದೆ. ಮೊದಲನೆಯದಕ್ಕೆ ಮಾಡುವುದು ಏನೂ ಇಲ್ಲ. ಆದರೆ ಮುಂದೆ ಬೋನಸ್ ಬೆಳೆಸಿಕೊಳ್ಳುವುದು, ಪ್ಯಾಕೇಜ್ ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲೇ ಇವೆ.

ಈಗ ಆ ಹಾಳೆ. 1,197 ಸಿಸಿ ಪೆಟ್ರೋಲ್ ಕಾರು. ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ, 10,640. ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿಗೇ ಆದ ಜಖಂಗೆ, 17,400. ಆಡ್ ಆನ್ (ಹೆಚ್ಚುವರಿ ಕವರ್) ಅಂತ ಒಂದೇ ಸಾಲಿನಲ್ಲಿ 10,300. ಓನರ್ ಡ್ರೈವರ್ ಅಪಘಾತ ವಿಮೆ 900. ಒಟ್ಟು 39,240, ಅದರ ಮೇಲೆ 18% ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಹೆಲ್ತ್ ಮತ್ತು ಲೈಫ್ ಇನ್ಶೂರೆನ್ಸ್ ಮೇಲಿನ ಜಿಎಸ್‌ಟಿ ತೆಗೆದರಲ್ಲ, ಕಾರಿಗೂ ಹೋಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗಿಲ್ಲ.

ಥರ್ಡ್ ಪಾರ್ಟಿ ಸಾಲಿನಲ್ಲಿ ಚೌಕಾಸಿ ನಡೆಯುವುದಿಲ್ಲ. ಆ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ, ಯಾವ ಕಂಪನಿಗೆ ಹೋದರೂ ಅಷ್ಟೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094, ಅಲ್ಲಿಂದ 1,500 ಸಿಸಿವರೆಗೆ 3,416, ಅದರ ಮೇಲೆ 7,897 ರೂಪಾಯಿ. ಜೊತೆಗೆ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು. ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇರಬೇಕು ಅಲ್ವಾ? ಇಲ್ಲ. 3,416ನ್ನು ಮೂರರಿಂದ ಗುಣಿಸಿದರೆ 10,248, ಕಟ್ಟಬೇಕಾದ್ದು 10,640. ಇದು ನನಗೆ ಸರಿ ಅನ್ನಿಸುವುದಿಲ್ಲ, ಆದರೆ ನಿಯಮ ಹಾಗಿದೆ.

ಇಲ್ಲಿ ಕಮ್ಮಿ ಮಾಡಿಕೊಳ್ಳಲು ಒಂದೇ ದಾರಿ, ಅದೂ ಕಾರು ಬುಕ್ ಮಾಡುವ ಮೊದಲು: ಎಂಜಿನ್ ಸಿಸಿ ನೋಡಿ. 1,000 ಸಿಸಿ ಒಳಗಿದ್ದರೆ ಮೂರು ವರ್ಷಕ್ಕೆ 6,521 ಮಾತ್ರ. ಸಣ್ಣ ಕಾರಿಗೆ ಮಾತ್ರ ಸಣ್ಣ ಎಂಜಿನ್ ಅಂತಲೂ ಅಲ್ಲ. ಮಾರುತಿಯ ಫ್ರಾಂಕ್ಸ್‌ನ ಸಾದಾ ಎಂಜಿನ್ 1,197 ಸಿಸಿ, ಅದೇ ಕಾರಿನ ಟರ್ಬೊ 998 ಸಿಸಿ. ಇನ್ಶೂರೆನ್ಸ್‌ಗೋಸ್ಕರ ಟರ್ಬೊ ತೊಗೊಳ್ಳಿ ಅಂತ ಹೇಳುತ್ತಿಲ್ಲ, ಅದರ ಬೆಲೆಯೇ ಜಾಸ್ತಿ. ಎರಡರಲ್ಲಿ ಯಾವುದು ಅಂತ ತೂಗಿ ನೋಡುತ್ತಿದ್ದರೆ ಇದನ್ನೂ ತಕ್ಕಡಿಗೆ ಹಾಕಿ. ಬ್ಯಾಟರಿ ಕಾರಿಗೆ ಥರ್ಡ್ ಪಾರ್ಟಿಯಲ್ಲಿ 15% ಕಮ್ಮಿ.

ಚೌಕಾಸಿ ಮಾಡಬೇಕಾದ್ದು ಓನ್ ಡ್ಯಾಮೇಜ್ ಸಾಲಿನಲ್ಲಿ. ಈ ದರವನ್ನು 2007ರಿಂದ ಕಂಪನಿಗಳೇ ಹಾಕಿಕೊಳ್ಳುತ್ತವೆ, ಅದಕ್ಕೇ ಒಂದೇ ಕಾರಿಗೆ ಒಂದೊಂದು ಕಡೆ ಒಂದೊಂದು ರೇಟು. ಶೋರೂಮ್‌ನಲ್ಲೇ ಪಾಲಿಸಿ ಮಾಡಿಸಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ಅವರು "ಹೊರಗಡೆ ತೊಗೊಂಡ್ರೆ ಡಿಸ್ಕೌಂಟ್ ಕೊಡಲ್ಲ" ಅನ್ನಬಹುದು. ನಮ್ಮ ಹುಡುಗನಿಗೂ ಅಂದರು. ಅಂಥ ಹೊತ್ತಿನಲ್ಲಿ ಜಗಳ ಬೇಡ. ಕಾರಿನ ಬೆಲೆಯಲ್ಲಿ ಎಷ್ಟು ಬಿಡುತ್ತೀರಿ, ಇನ್ಶೂರೆನ್ಸ್ ಎಷ್ಟು, ಎರಡನ್ನೂ ಬೇರೆ ಬೇರೆ ಬರೆದುಕೊಡಿ ಅಂತ ಕೇಳಿ. ಬರೆದುಕೊಟ್ಟ ಮೇಲೆ ಲೆಕ್ಕ ತಾನಾಗಿಯೇ ಕಾಣಿಸುತ್ತದೆ.

ಹೊರಗಡೆ ಕೊಟೇಶನ್ ಕೇಳುವಾಗ ಐಡಿವಿ ಒಂದೇ ಇರಲಿ. ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕೈಗೆ ಬರುವ ಮೊತ್ತ. ಕೆಲವರು ಅದನ್ನು ಸುಮ್ನೆ ಒಂದು ಲಕ್ಷ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸುತ್ತಾರೆ. ಸಾಲದಲ್ಲಿ ತೊಗೊಂಡ ಕಾರಾದರೆ ಇದು ತುಂಬಾ ಅಪಾಯ. ಕಾರು ಹೋದ ಮೇಲೂ ಬ್ಯಾಂಕಿನ ಇಎಂಐ ಉಳಿದಿರುತ್ತದೆ. ಬೆಂಗಳೂರಿನ ವಿಳಾಸ ಬಿಟ್ಟು ಊರಿನ ವಿಳಾಸ ಕೊಟ್ಟರೆ ಕಮ್ಮಿ ಆಗುತ್ತದೆ ಅಂತಲೂ ಹೇಳುವವರಿದ್ದಾರೆ. ಬೆಂಗಳೂರು ಎ ವಲಯ, ರಾಜ್ಯದ ಬೇರೆ ಊರುಗಳು ಬಿ ವಲಯ, ಅದು ನಿಜ. ಆದರೆ ವ್ಯತ್ಯಾಸ ಕೆಲವು ನೂರು ರೂಪಾಯಿ ಅಷ್ಟೇ. ಅಷ್ಟಕ್ಕೆ ಸುಳ್ಳು ವಿಳಾಸ ಬೇಡ.

ಇನ್ನು ಆಡ್ ಆನ್. ಒಂದೇ ಸಾಲಿನಲ್ಲಿ ಬರೆದ 10,300ನ್ನು ಬಿಡಿಸಿ ಬರೆದುಕೊಡಿ ಅಂದಾಗ ಎಂಟು ಐಟಂ ಹೊರಗೆ ಬಂದವು. ಕೀ ಕಳೆದರೆ, ಬ್ಯಾಗ್ ಕಳುವಾದರೆ, ಟೈರ್ ಹೋದರೆ, ಹೀಗೆ. ನಾವು ಉಳಿಸಿಕೊಂಡದ್ದು ಮೂರೇ.

ಒಂದು ಝೀರೋ ಡೆಪ್, ಅಂದರೆ ಭಾಗ ಹಳತಾಗಿದೆ ಅಂತ ಕ್ಲೈಮ್ ದುಡ್ಡು ಕಡಿಮೆ ಮಾಡದ ಕವರ್. ಇದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಂಪನಿ ಅರ್ಧ ದುಡ್ಡನ್ನೇ ಕೊಡುತ್ತದೆ. ಈಗಿನ ಕಾರಿನ ಬಂಪರ್ ಪೂರ್ತಿ ಪ್ಲಾಸ್ಟಿಕ್. ಹೊಸದಾಗಿ ಓಡಿಸುವವರಿಗೆ ಮೊದಲು ತಾಗುವುದೂ ಅದೇ.

ಎರಡನೆಯದು ಎಂಜಿನ್ ಪ್ರೊಟೆಕ್ಟ್. ಬೆಂಗಳೂರಿನಲ್ಲಿ ಓಡಿಸುವವರು ಇದನ್ನು ಬಿಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿ ನಿಂತಿದ್ದನ್ನು ಎಲ್ಲರೂ ನೋಡಿದ್ದೀರಿ. ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ನೀರು ಎಂಜಿನ್ ಒಳಗೆ ಹೋಗಿ ಅದು ಅಲ್ಲೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೈಮ್ ಸಿಗುವುದಿಲ್ಲ. ಆಡ್ ಆನ್ ಇರಲಿ, ಇಲ್ಲದಿರಲಿ, ಮುಳುಗಿದ ಕಾರಿನ ಕೀ ಮುಟ್ಟಬೇಡಿ. ಫೋಟೊ ತೆಗೆದು ಟೋ ಮಾಡಿಸಿ.

ಮೂರನೆಯದು ರಿಟರ್ನ್ ಟು ಇನ್‌ವಾಯ್ಸ್. ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಐಡಿವಿ ಬದಲು ಬಿಲ್ಲಿನ ಬೆಲೆ ಕೊಡುವ ಕವರ್ ಇದು. ಸಾಲದ ಕಾರು ಅಂತ ಮೊದಲ ಎರಡು ಮೂರು ವರ್ಷಕ್ಕೆ ಮಾತ್ರ.

ಅಪಘಾತ ವಿಮೆಯ 900 ತೆಗೆಯಲಿಲ್ಲ. ಅದು 15 ಲಕ್ಷದ ಕವರ್. ನಿಮ್ಮ ಹೆಸರಿನಲ್ಲಿ ಈಗಾಗಲೇ ಅಷ್ಟು ಮೊತ್ತದ ಬೇರೆ ಅಪಘಾತ ಪಾಲಿಸಿ ಇದ್ದರೆ ಡಿಕ್ಲರೇಶನ್ ಕೊಟ್ಟು ಇದನ್ನು ಬಿಡಬಹುದು. ಅವನಿಗೆ ಇರಲಿಲ್ಲ.

ಕೊನೆಗೆ ಅದೇ ಐಡಿವಿಗೆ ಹೊರಗಡೆ ಸಿಕ್ಕ ಲೆಕ್ಕ: ಓನ್ ಡ್ಯಾಮೇಜ್ 11,200, ಮೂರು ಆಡ್ ಆನ್ 5,600, ಥರ್ಡ್ ಪಾರ್ಟಿ ಅದೇ 10,640, ಅಪಘಾತ ವಿಮೆ 900, ಜಿಎಸ್‌ಟಿ ಸೇರಿ 33,441. ಉಳಿದದ್ದು 12,862 ರೂಪಾಯಿ. ಅವನ ಸುಮಾರು ಒಂದು ತಿಂಗಳ ಇಎಂಐ. ದುಡ್ಡು ಕಟ್ಟುವ ಮೊದಲು ಒಂದು ವಿಷಯ ನೋಡಿಕೊಂಡೆವು: ಅವನ ಮನೆ ಹತ್ತಿರದ ಸರ್ವೀಸ್ ಸೆಂಟರ್ ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ, ಅಂದರೆ ರಿಪೇರಿ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಗ್ಯಾರೇಜುಗಳ ಪಟ್ಟಿಯಲ್ಲಿ, ಇದೆಯಾ ಅಂತ. ಇದನ್ನು ಮರೆತರೆ ಉಳಿಸಿದ ದುಡ್ಡಿಗೆ ಆಮೇಲೆ ಅಲೆದಾಟ.

"ಕಾರು ಅಪ್ಪನ ಹೆಸರಲ್ಲಿ ತೊಗೊಂಡ್ರೆ?" ಇದನ್ನು ಎಲ್ಲರೂ ಕೇಳುತ್ತಾರೆ. ಅಪ್ಪ ಹಳೇ ಕಾರು ಮಾರಿ 50% ನೋ ಕ್ಲೈಮ್ ಬೋನಸ್ ಪತ್ರ ಇಟ್ಟುಕೊಂಡಿದ್ದರೆ, ಮೂರು ವರ್ಷದೊಳಗೆ ಅವರ ಹೆಸರಿನ ಹೊಸ ಕಾರಿಗೆ ಅದನ್ನು ಬಳಸಬಹುದು. ಓನ್ ಡ್ಯಾಮೇಜ್ 11,200 ಇದ್ದದ್ದು 5,600 ಆಗುತ್ತದೆ. ಡಿಎಲ್ ಇರುವ ಮಗ ಅಥವಾ ಮಗಳು ಆ ಕಾರು ಓಡಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಮಾತು ತಿಳಿದಿರಲಿ. ಆ 15 ಲಕ್ಷದ ಅಪಘಾತ ವಿಮೆ ಓನರ್‌ಗೆ ಮಾತ್ರ, ಅಂದರೆ ಅಪ್ಪನಿಗೆ. ಸ್ಟಿಯರಿಂಗ್ ಹಿಡಿದ ಮಗನಿಗಲ್ಲ. ಅವನಿಗೆ ಬೇರೆ ಅಪಘಾತ ಪಾಲಿಸಿ ಮಾಡಿಸಲೇಬೇಕು. ಇನ್ನೊಂದು, ಬೋನಸ್ ಬೆಳೆಯುವುದೂ ಅಪ್ಪನ ಹೆಸರಲ್ಲೇ. ನಾಳೆ ಆರ್‌ಸಿ ಮಗನ ಹೆಸರಿಗೆ ಆದರೆ ಅವನು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಇಲ್ಲದ ಬೋನಸ್ ಇದೆ ಅಂತ ಫಾರ್ಮ್‌ನಲ್ಲಿ ಟಿಕ್ ಮಾಡಿಸುವ ಏಜೆಂಟರ ಮಾತು ಮಾತ್ರ ಕೇಳಲೇಬೇಡಿ. ಕಂಪನಿಗಳು ಹಳೇ ಕಂಪನಿಯಿಂದ ಅದನ್ನು ಖಚಿತ ಮಾಡಿಕೊಳ್ಳುತ್ತವೆ. ಕ್ಲೈಮ್ ಹೊತ್ತಿಗೆ ಸಿಕ್ಕಿಬೀಳುವವರು ನೀವು, ಏಜೆಂಟ್ ಅಲ್ಲ.

ಸೆಕೆಂಡ್ ಹ್ಯಾಂಡ್ ಕಾರಿನದೂ ಇದೇ ಕಥೆ. ಹಳೇ ಓನರ್ ಬೋನಸ್ ನಿಮಗೆ ಬರುವುದಿಲ್ಲ. ಕಾರು ಕೈಗೆ ಬಂದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಾಗೇ ಬಿಟ್ಟರೆ ನಿಮ್ಮ ಕಾರಿಗೆ ಆದ ಜಖಂಗೆ ದುಡ್ಡು ಸಿಗುವುದಿಲ್ಲ.

ಈಗ ಅವನಿಗೆ ದುಡ್ಡು ಉಳಿಸಿಕೊಟ್ಟ ಇನ್ನೊಂದು ಲೆಕ್ಕ. ಕಾರು ಬಂದು ನಾಲ್ಕು ತಿಂಗಳಿಗೆ ಆಫೀಸ್ ಬೇಸ್‌ಮೆಂಟ್‌ನ ಕಂಬಕ್ಕೆ ಹಿಂದಿನ ಬಂಪರ್ ಉಜ್ಜಿದ. ಎಡ ಮೂಲೆಯಲ್ಲಿ ಅಂಗೈ ಅಗಲ ಬಣ್ಣ ಹೋಗಿತ್ತು, ಕ್ಲಿಪ್ ಮುರಿದು ಒಂದು ಬದಿ ಜೋತುಬಿದ್ದಿತ್ತು. ಸರ್ವೀಸ್ ಸೆಂಟರ್ ಎಸ್ಟಿಮೇಟ್ 5,200. "ಝೀರೋ ಡೆಪ್ ಇದೆಯಲ್ಲ ಸಾರ್, ಕ್ಲೈಮ್ ಮಾಡೋಣ" ಅಂದರಂತೆ. ಕ್ಲೈಮ್ ಮಾಡಿದರೆ ಕಡ್ಡಾಯವಾಗಿ ಕೈಯಿಂದ ಕೊಡಬೇಕಾದ 1,000 ಕಳೆದು 4,200 ಸಿಗುತ್ತಿತ್ತು. ಹೋಗುವುದು ಎಷ್ಟು? ಕ್ಲೈಮ್ ಇಲ್ಲದೆ ಹೋದರೆ ಬೋನಸ್ 20, 25, 35, 45, 50 ಶೇಕಡಾ ಅಂತ ವರ್ಷ ವರ್ಷ ಏರುತ್ತದೆ. ಮೊದಲ ವರ್ಷ ಕ್ಲೈಮ್ ಮಾಡಿದರೆ ಅದೇ ಮೆಟ್ಟಿಲು 0, 20, 25, 35, 45 ಆಗುತ್ತದೆ. ಎರಡನ್ನೂ ಅಕ್ಕಪಕ್ಕ ಬರೆದು ಕಳೆಯಿರಿ: 20, 5, 10, 10, 5. ಕೂಡಿದರೆ 50. ಅಂದರೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಅರ್ಧ ಹೋಯಿತು. ಪ್ರೀಮಿಯಂ 10,000 ಅಂತ ಇಟ್ಟುಕೊಂಡರೆ 5,000, ಜಿಎಸ್‌ಟಿ ಸೇರಿ 5,900. ಸಿಗುವುದು 4,200. ಅವನು ಮನೆ ಹತ್ತಿರದ ಟಿಂಕರಿಂಗ್ ಶೆಡ್‌ನಲ್ಲಿ 3,000ಕ್ಕೆ ಸರಿ ಮಾಡಿಸಿಕೊಂಡ.

ಹಾಗಂತ ದೊಡ್ಡ ಜಖಂ ಆದಾಗ ಹಿಂಜರಿಯಬೇಡಿ. ಇನ್ಶೂರೆನ್ಸ್ ಇರುವುದೇ ಅದಕ್ಕೆ.

ಮೆಟ್ರೋದಲ್ಲಿ ಆಫೀಸಿಗೆ ಹೋಗಿ ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವವರಿಗೆ ಇನ್ನೊಂದು ದಾರಿ ಇದೆ. ಓಡಿಸಿದಷ್ಟಕ್ಕೆ ಕಟ್ಟುವ ಆಡ್ ಆನ್‌ಗೆ 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಇಷ್ಟು ಕಿಲೋಮೀಟರ್ ಅಂತ ಆರಿಸಿಕೊಂಡರೆ ಓನ್ ಡ್ಯಾಮೇಜ್ ಇಳಿಯುತ್ತದೆ. ಮಿತಿ ದಾಟಿದರೆ ಏನಾಗುತ್ತದೆ ಅನ್ನುವುದನ್ನು ಮೊದಲೇ ಓದಿಕೊಳ್ಳಿ. ತಿಂಗಳಿಗೆರಡು ಸಲ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಿ ಬರುವವರಿಗೆ ಇದು ಹೊಂದುವುದಿಲ್ಲ.

ದುಡ್ಡು ಉಳಿಸುವ ಭರದಲ್ಲಿ ಇನ್ಶೂರೆನ್ಸ್ ಇಲ್ಲದೆ ಒಂದು ದಿನವೂ ಕಾರು ತೆಗೆಯಬೇಡಿ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000 ರೂಪಾಯಿ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ನನಗೆ ಭಯ ಅದರದ್ದಲ್ಲ. ಯಾರಿಗಾದರೂ ಗುದ್ದಿ ಜೀವ ಹೋದರೆ ಕೋರ್ಟ್ ಹೇಳಿದ ಪರಿಹಾರವನ್ನು ನೀವೇ ಕಟ್ಟಬೇಕು, ಅದಕ್ಕೆ ಮೇಲ್ಮಿತಿ ಇಲ್ಲ. ಎಲ್ ಬೋರ್ಡ್‌ನಲ್ಲಿ ಕಲಿಯುತ್ತಿರುವವರು ಪಕ್ಕದಲ್ಲಿ ಡಿಎಲ್ ಇರುವವರನ್ನು ಕೂರಿಸಿಕೊಳ್ಳದೆ ಓಡಿಸಿದರೂ ಪಾಲಿಸಿ ಕೈಕೊಡುತ್ತದೆ.

ರಿನೀವಲ್ ತಾರೀಕಿಗೆ ಒಂದು ತಿಂಗಳು ಮುಂಚೆ ಫೋನಿನಲ್ಲಿ ಅಲಾರಂ ಇಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ ಅಷ್ಟೂ ಹೋಗುತ್ತದೆ. ಮತ್ತೆ, ಮೊದಲ ರಿನೀವಲ್‌ನಲ್ಲಿ ಥರ್ಡ್ ಪಾರ್ಟಿ ಕಟ್ಟಬೇಕಾಗಿಲ್ಲ, ಅದನ್ನು ಮೂರು ವರ್ಷಕ್ಕೆ ಆಗಲೇ ಕಟ್ಟಿ ಆಗಿದೆ. ನಮ್ಮ ಹುಡುಗನಿಗೆ ಒಬ್ಬ ಏಜೆಂಟ್ ಕಳಿಸಿದ ರಿನೀವಲ್ ಕೊಟೇಶನ್‌ನಲ್ಲಿ 3,416 ಮತ್ತೆ ಸೇರಿತ್ತು. ಈ ಸಲ ನನಗೆ ಫೋನ್ ಮಾಡಲಿಲ್ಲ. ತಾನೇ ಸಾಲು ಸಾಲಾಗಿ ಓದಿ, ಆ ಸಾಲಿಗೆ ಸುತ್ತು ಹಾಕಿ, ಹಳೇ ಪಾಲಿಸಿಯ ಫೋಟೊ ಜೊತೆಗೆ ಏಜೆಂಟ್‌ಗೆ ವಾಪಸ್ ಕಳಿಸಿದ. ಸಂಜೆಯೊಳಗೆ ಹೊಸ ಕೊಟೇಶನ್ ಬಂತು, 20% ಬೋನಸ್ ಕಳೆದು.