ಡೆಂಗಿ ಹೊಟ್ಟೆಗೆ ಕತ್ತರಿ ಬೇಕೇ?

ಮುಂಗಾರು ಹಿಡಿದು ತಿಂಗಳೊಪ್ಪತ್ತು ಕಳೆಯುತ್ತಿದ್ದಂತೆ ಹುಬ್ಬಳ್ಳಿಯ ಫಿಜಿಷಿಯನ್ ಗೆಳೆಯರಿಂದ ನನಗೆ ಒಂದೇ ಬಗೆಯ ಫೋನ್ ಬರತೊಡಗುತ್ತದೆ: “ಡೆಂಗಿ ಪೇಷಂಟ್, ಬಲಪಕ್ಕೆಯ ಕೆಳಗೆ ವಿಪರೀತ ನೋವು, ಸ್ಕ್ಯಾನಿನಲ್ಲಿ ಪಿತ್ತಕೋಶ ಊದಿದೆ, ಒಮ್ಮೆ ಬಂದು ನೋಡಿ.” ನಾನು ಹೊಟ್ಟೆಯ ಶಸ್ತ್ರಚಿಕಿತ್ಸಕ. ಇಂಥ ಕರೆಗಳಲ್ಲಿ ಬಹುಪಾಲು ಕತ್ತರಿ ಮುಟ್ಟದೆಯೇ ಮುಗಿಯುತ್ತವೆ. ಮುಟ್ಟಲೇಬೇಕಾದದ್ದು ಅಪರೂಪಕ್ಕೊಂದು ಬರುತ್ತದೆ. ಬಂದಾಗ ಅದೂ ಮೊದಲ ನೋಟಕ್ಕೆ ಉಳಿದವುಗಳ ಹಾಗೆಯೇ ಕಾಣುತ್ತದೆ.

ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಮ್ಮ ಭಾಗಕ್ಕೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ. ಮಲಪ್ರಭೆಯ ನೀರು ಹಲವು ಬಡಾವಣೆಗಳ ನಳಕ್ಕೆ ದಿನಾ ಬರುವುದಿಲ್ಲ. ಬಂದ ದಿನ ಬ್ಯಾರಲ್, ತೊಟ್ಟಿ, ಕೊಡಪಾನ ಎಲ್ಲ ತುಂಬಿಡಬೇಕು. ಈಡಿಸ್ ಸೊಳ್ಳೆಗೆ ಬೇಕಾದದ್ದೂ ಹಾಗೆ ತುಂಬಿಟ್ಟ ತಿಳಿನೀರೇ. ಗದಗಿನ ಕಡೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಹಾಸಿಗೆಯ ಬಳಿ ಹೋದವನು ಹೊಟ್ಟೆ ಮುಟ್ಟುವ ಮೊದಲು ಜ್ವರ ಬಂದು ಎಷ್ಟನೆಯ ದಿನ ಎಂದು ಕೇಳುತ್ತೇನೆ. ಡೆಂಗಿಯ ಅಪಾಯದ ಘಟ್ಟ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. ಆ 24ರಿಂದ 48 ಗಂಟೆಗಳಲ್ಲಿ ಸಣ್ಣ ರಕ್ತನಾಳಗಳು ಹಳೆಯ ಮಣ್ಣಿನ ಕೊಡದಂತೆ ಜಿನುಗುತ್ತವೆ. ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೆ, ಪಿತ್ತಕೋಶದ ಗೋಡೆಗೆ ಇಳಿಯುತ್ತದೆ. ಸಾಮಾನ್ಯವಾಗಿ 3 ಮಿಲಿಮೀಟರ್ ಮೀರದ ಆ ಗೋಡೆ ಎರಡು ಮೂರು ಪಟ್ಟು ದಪ್ಪವಾಗಿ, ಸ್ಕ್ಯಾನಿನಲ್ಲಿ ಪದರ ಪದರವಾಗಿ ಕಾಣುತ್ತದೆ. ಒಳಗೆ ಕಲ್ಲಿರುವುದಿಲ್ಲ. ಬೆರಳೊತ್ತಿ ಉಸಿರೆಳೆದುಕೊಳ್ಳಲು ಹೇಳಿದರೆ ರೋಗಿ ನೋವಿಗೆ ಅರ್ಧಕ್ಕೇ ಉಸಿರು ನಿಲ್ಲಿಸುತ್ತಾನೆ, ಕೀವಾದ ಪಿತ್ತಕೋಶದಲ್ಲಿ ಆಗುವ ಹಾಗೆಯೇ. ಆದರೆ ಅಲ್ಲಿ ಬಿಳಿ ರಕ್ತಕಣ ಏರಿರುತ್ತದೆ, ಇಲ್ಲಿ ಇಳಿದಿರುತ್ತದೆ. ಬಲ ಎದೆಗೂಡಿನಲ್ಲೂ ಸ್ವಲ್ಪ ನೀರು ಕಂಡರೆ ನಾನು ಬಹುತೇಕ ನಿಶ್ಚಿಂತ. ಸಲೈನ್ ಲೆಕ್ಕ ಹಾಕಿ ಕೊಡಿಸುತ್ತೇನೆ, ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ ಎಂದು ಬರೆಯುತ್ತೇನೆ, ಮರುದಿನ ಮತ್ತೆ ಸ್ಕ್ಯಾನ್. ಜಿನುಗುವುದು ನಿಂತ ಮೇಲೆ ಗೋಡೆ ತಾನಾಗಿಯೇ ತೆಳುವಾಗುತ್ತದೆ. ಪ್ಲೇಟ್‌ಲೆಟ್ ಕುಸಿದಿರುವಾಗ ಅಂಥ ಪಿತ್ತಕೋಶಕ್ಕೆ ಕೈಹಾಕುವುದೆಂದರೆ ಇಲ್ಲದ ರಕ್ತಸ್ರಾವವನ್ನು ನಾವೇ ತಂದುಕೊಂಡಂತೆ.

ಇದನ್ನು ಮನೆಯವರಿಗೆ ಒಪ್ಪಿಸುವುದೇ ದೊಡ್ಡ ಕೆಲಸ. “ಸಾಹೇಬರೇ, ಖರ್ಚಿನ ಚಿಂತೆ ಬೇಡ, ಆಪರೇಷನ್ ಮಾಡಿಬಿಡಿ” ಎನ್ನುತ್ತಾರೆ. “ಕಾಕಾ, ಈಗ ಮಾಡಿದರೆ ಕೆಡುತ್ತದೆ, ಅದಕ್ಕೇ ಮಾಡುತ್ತಿಲ್ಲ” ಎಂದರೆ ಅರೆನಂಬಿಕೆಯಿಂದ ನೋಡುತ್ತಾರೆ. ಏನೂ ಮಾಡದ ಸರ್ಜನ್‌ಗೆ ನಮ್ಮಲ್ಲಿ ಮರ್ಯಾದೆ ಕಡಿಮೆ.

ಕುಂದಗೋಳ ಕಡೆಯ ಟ್ರ್ಯಾಕ್ಟರ್ ಓಡಿಸುವ ಹುಡುಗನೊಬ್ಬನದು ಬೇರೆಯೇ ಆಯಿತು. ಡೆಂಗಿ ಖಚಿತವಾಗಿತ್ತು, ಜ್ವರ ಹಿಂದಿನ ದಿನವೇ ಬಿಟ್ಟಿತ್ತು. ಬೆಳಿಗ್ಗೆ ಹೊಟ್ಟೆನೋವು ಎಂದ. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ನೀರಿದೆ ಎಂದು ವರದಿ ಬಂದಿತ್ತು. ಡೆಂಗಿಯಲ್ಲಿ ನೀರು ಇರುವುದೇ. ನನ್ನನ್ನು ಎಚ್ಚರಿಸಿದ್ದು ಎರಡು ಸಂಗತಿ. “ಎಡಭುಜ ಹರಿದು ಹೋಗುವ ಹಾಗೆ ನೋಯುತ್ತಿದೆ, ನಿನ್ನೆ ರಾತ್ರಿಯೆಲ್ಲ ಅವ್ವ ತಿಕ್ಕಿದಳು” ಎಂದು ಅವನು ಹೇಳಿದ್ದು ಒಂದು. ಭುಜದಲ್ಲಿ ಪೆಟ್ಟಿನ ಗುರುತಿರಲಿಲ್ಲ. ಗುಲ್ಮದಿಂದ, ಅಂದರೆ ಎಡಪಕ್ಕೆಯ ಅಡಿಯಲ್ಲಿರುವ ಸ್ಪ್ಲೀನ್‌ನಿಂದ, ಸೋರಿದ ರಕ್ತ ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ಕೆಣಕಿದಾಗ ಆ ನೋವು ಎಡಭುಜಕ್ಕೆ ಹೋಗುತ್ತದೆ.

ಇನ್ನೊಂದು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ನೀರಿನಂಶ ಸೋರಿ ಹೋಗುವಾಗ ರಕ್ತ ಗಟ್ಟಿಯಾಗಿ ಈ ಅಂಕಿ ಏರಬೇಕು. ಅವನದು ಹಿಂದಿನ ಸಂಜೆ 46 ಇದ್ದದ್ದು ಬೆಳಿಗ್ಗೆ 31ಕ್ಕೆ ಬಂದಿತ್ತು. ಡ್ಯೂಟಿಯ ಕಿರಿಯ ವೈದ್ಯೆಗೆ ಇದು ಸಮಾಧಾನ ತಂದಿತ್ತು: ಸಲೈನ್ ಕೊಟ್ಟಿದ್ದೇವೆ, ಇಳಿಯುತ್ತಿದೆ. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಪಿಸಿವಿ ಇಳಿಯುವುದು ಚೇತರಿಕೆಯಲ್ಲೂ ಉಂಟು, ರಕ್ತಸ್ರಾವದಲ್ಲೂ ಉಂಟು. ಚೇತರಿಕೆಯಾದರೆ ನಾಡಿ ನಿಧಾನವಾಗಬೇಕು, ಮೂತ್ರ ಚೆನ್ನಾಗಿ ಹೋಗಬೇಕು, ಅಂಗೈ ಬೆಚ್ಚಗಾಗಬೇಕು. ಅವನ ನಾಡಿ 130 ದಾಟಿತ್ತು, ಕೈ ತಣ್ಣಗಿತ್ತು, ಮೂತ್ರದ ಚೀಲದ ತಳದಲ್ಲಿ ಒಂದಿಷ್ಟೇ ಇತ್ತು.

ಸ್ಕ್ಯಾನ್ ನೋಡಿಕೊಂಡೇ ಸಣ್ಣ ಸೂಜಿ ಹಾಕಿ ಆ ನೀರನ್ನು ಎಳೆದೆ. ಜಿನುಗಿದ ನೀರಾಗಿದ್ದರೆ ಒಣಹುಲ್ಲಿನ ಬಣ್ಣ ಇರಬೇಕಿತ್ತು. ಸಿರಿಂಜಿಗೆ ಬಂದದ್ದು ಕಪ್ಪುಗೆಂಪು ರಕ್ತ. ಕಿಡ್ನಿ ಟ್ರೇಯಲ್ಲಿ ಬಿಟ್ಟು ನೋಡಿದೆವು, ಹೆಪ್ಪುಗಟ್ಟಲೇ ಇಲ್ಲ. ಸೂಜಿ ರಕ್ತನಾಳಕ್ಕೆ ತಾಗಿ ಬಂದದ್ದಲ್ಲ, ಹೊಟ್ಟೆಯೊಳಗೇ ಹರಿದು ನಿಂತದ್ದು. ರಕ್ತದೊತ್ತಡ ನಿಲ್ಲುತ್ತಿದ್ದರೆ ಸಿಟಿ ಮಾಡಿಸಿ, ರಕ್ತನಾಳದ ಒಳಗಿನಿಂದಲೇ ಸೋರಿಕೆ ಮುಚ್ಚಿಸಲು ನೋಡಬಹುದಿತ್ತು. ಎರಡು ಬಾಟಲಿ ರಕ್ತ ಹೋದರೂ ಒತ್ತಡ ನಿಲ್ಲಲಿಲ್ಲ.

ಪ್ಲೇಟ್‌ಲೆಟ್ 22 ಸಾವಿರ. ಅರಿವಳಿಕೆಯ ವೈದ್ಯರು ಮೊದಲೇ ಏರಿಸೋಣವೇ ಎಂದರು. ಚೀಲಗಳು ಥಿಯೇಟರಿನಲ್ಲೇ ಇರಲಿ, ಗುಲ್ಮದ ರಕ್ತನಾಳ ಹಿಡಿದ ಮೇಲೆ ಬಿಡೋಣ ಎಂದೆ. ಊದಿಕೊಂಡ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ಹರಿದ ಕಡೆಯಿಂದ ಹೊರಕ್ಕೂ ಚೆಲ್ಲುತ್ತದೆ. ಹೊಟ್ಟೆ ತೆರೆದಾಗ ಗುಲ್ಮದ ಹೊರಪೊರೆ ಅಂಗೈಯಗಲ ಸುಲಿದು, ಕೆಳಗಿನ ಮಾಂಸ ಒದ್ದೆ ಬೆಲ್ಲದಂತೆ ಬೆರಳಿಗೆ ಅಂಟುತ್ತಿತ್ತು. ಹೊಲಿಗೆ ನಿಲ್ಲುವ ಮಾತೇ ಇರಲಿಲ್ಲ, ತೆಗೆದೆವು. ಅವನ ಊರಿನಿಂದ ಟೆಂಪೊ ತುಂಬ ಹುಡುಗರು ರಕ್ತ ಕೊಡಲು ಬಂದು ಕಾರಿಡಾರಿನಲ್ಲಿ ಕುಳಿತಿದ್ದರು.

ವೈರಸ್ ಜ್ವರದಲ್ಲಿ ಗುಲ್ಮ ಒಡೆಯುವುದು ಡೆಂಗಿಯೊಂದರಲ್ಲೇ ಅಲ್ಲ. ಎಪ್‌ಸ್ಟೀನ್-ಬಾರ್ ವೈರಸ್ಸಿನ ಗ್ರಂಥಿ ಜ್ವರದಲ್ಲೂ ಹೀಗಾಗುವುದುಂಟು, ಹೆಚ್ಚಾಗಿ ಮೊದಲ ಮೂರ್ನಾಲ್ಕು ವಾರಗಳೊಳಗೆ. ಅದಕ್ಕೇ ಅಂಥ ಹುಡುಗರಿಗೆ ಕಬಡ್ಡಿ, ಕುಸ್ತಿ ಕೆಲವು ವಾರ ಬೇಡ ಎನ್ನುತ್ತೇವೆ. 2021ರ ಕೋವಿಡ್ ಅಲೆಯಲ್ಲಿ ಕರುಳಿನ ರಕ್ತನಾಳ ಹೆಪ್ಪುಗಟ್ಟಿ ಕರುಳು ಕಪ್ಪಾದವರನ್ನು ಕಂಡೆ. ಅಲ್ಲಿ ಹೊಟ್ಟೆ ಮೆತ್ತಗೆ, ನೋವು ಮಾತ್ರ ಪ್ರಾಣ ಹೋಗುವಷ್ಟು. ಅಲ್ಲಿ ಕಾದು ನೋಡುವ ಮಾತಿಲ್ಲ.

ಗುಲ್ಮ ಸೋಂಕು ತಡೆಯುವ ಅಂಗ. ಅದು ಹೋದವರಿಗೆ ನ್ಯುಮೊಕಾಕಸ್, ಮೆನಿಂಜೊಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ ಹಾಕಿಸಬೇಕು. ತುರ್ತಾಗಿ ತೆಗೆದಿದ್ದರೆ ಎರಡು ವಾರ ಬಿಟ್ಟು ಕೊಡುತ್ತೇವೆ. ಪಪ್ಪಾಯಿ ಎಲೆಯ ರಸಕ್ಕೆ ಊರೆಲ್ಲ ಅಲೆದವರು ಲಸಿಕೆ ಎಂದಾಗ “ಈಗ ಆರಾಮಿದ್ದಾನಲ್ಲ, ಮತ್ತೇಕೆ?” ಎಂದರು. ಡಿಸ್ಚಾರ್ಜ್ ಚೀಟಿಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ಗುಲ್ಮ ಇಲ್ಲ, ಇನ್ನು ಮುಂದೆ ಯಾವ ಜ್ವರ ಬಂದರೂ ಅದೇ ದಿನ ಆಸ್ಪತ್ರೆಗೆ ಬರಬೇಕು, ಯಾವ ವೈದ್ಯರ ಬಳಿ ಹೋದರೂ ಈ ಚೀಟಿ ಮೊದಲು ತೋರಿಸಬೇಕು. ಅವನ ಅವ್ವ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ.